ಗಾಯದ ಪಕ್ಕದ ನಾರು

"ಈ ಮರದ ತುಂಡುಗಳ ಚೀಟಿ ಅದಲುಬದಲಾಗಿದೆ," ಎಂದಳು ಅವಳು, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ.

"ಇಲ್ಲ ಮೇಡಂ. ನಾನೇ ಕೈಯಾರೆ ಕಟ್ಟಿದ್ದು."

"ರಾಳ ತೆಗೆದ ಮರದ ನಾರು ಗಿಡ್ಡ ಇರ್ಬೇಕು. ಇದು ನೋಡಿದ್ರೆ ಮುಟ್ಟದೇ ಬಿಟ್ಟ ಮರದಷ್ಟೇ ಉದ್ದ ಇದೆ."

"ಹಾಗಿರ್ಬೇಕು ಅಂತ ಮರಕ್ಕೆ ಯಾರು ಹೇಳಿದ್ರು?"

ಆಗ ತಲೆಯೆತ್ತಿದಳು. ಬಾಗಿಲಲ್ಲಿ ನಿಂತಿದ್ದವನು ರಾಳ ತೆಗೆಯುವವರ ಮೇಸ್ತ್ರಿ. ಎಷ್ಟು ತೊಳೆದರೂ ಕೈಯ ವಾಸನೆ ಹೋಗುತ್ತಿರಲಿಲ್ಲವಾದ್ದರಿಂದ ಲ್ಯಾಬಿನವರು ಅವನಿಗೆ ರಾಳಪ್ಪ ಎಂದೇ ಹೆಸರಿಟ್ಟಿದ್ದರು. ನಗುವಾಗ ಅವನ ಎಡಗಣ್ಣು ಮೊದಲು ಕಿರಿದಾಗುತ್ತಿತ್ತು. ಚೆಂದವಿದೆ ಎಂದು ಅವಳಿಗೆ ಗೊತ್ತಾಯಿತು, ಅನ್ನಿಸಲಿಲ್ಲ. ಗಂಡ ತೀರಿಕೊಂಡ ಎರಡು ವರ್ಷದಿಂದ ಎಲ್ಲವೂ ಹೀಗೆಯೇ. ಗೊತ್ತಾಗುತ್ತಿತ್ತು, ಅಷ್ಟೆ.

ಅವನ ಜನ ರಾಳ ತೆಗೆಯುತ್ತಿದ್ದ ತೋಪಿನ ಹಣೆಬರಹ ಅವಳ ವರದಿಯ ಮೇಲೆ ನಿಂತಿತ್ತು. ರಾಳ ತೆಗೆದರೆ ಮರ ಕೆಡುತ್ತದೆ ಎಂದು ಬರೆದರೆ ಕೆಲಸ ಬಂದ್. ಅವನ ಕೈಕೆಳಗಿನ ಮೂವತ್ತು ಜನ ಮನೆಗೆ.

"ನಂಬಿಕೆ ಇಲ್ದಿದ್ರೆ ನೀವೇ ಬಂದು ನೋಡಿ," ಎಂದ.

ಮರುದಿನ ಹೋದಳು. ಅವಳ ಕಣ್ಣೆದುರೇ ಅವನು ಹತ್ತಾರು ಮರಗಳಿಂದ ಎರಡೆರಡು ತುಂಡು ಕತ್ತರಿಸಿದ. ಒಂದು ರಾಳಕ್ಕೆಂದು ತೊಗಟೆ ಕೊರೆದ ಗಾಯದ ಅಂಚಿನದು, ಇನ್ನೊಂದು ಅಲ್ಲಿಂದ ಗೇಣು ದೂರದ್ದು. ಈ ಸಲ ಚೀಟಿ ಬರೆದವಳು ಅವಳೇ.

"ನೀವು ನಗೋದೇ ಇಲ್ವಾ?"

"ನಗ್ತೀನಿ. ಅಗತ್ಯ ಬಿದ್ರೆ."

"ಅದಕ್ಕೆ ಅರ್ಜಿ ಕೊಡ್ಬೇಕಾ?"

ಅವಳು ನಗಲಿಲ್ಲ. ಅವನೂ ಬೇಸರಿಸಿಕೊಳ್ಳಲಿಲ್ಲ.

ಮೂರು ವಾರ ಅಳೆದಳು. ಒಂದೊಂದು ತುಂಡಿಗೆ ಐವತ್ತು ನಾರು. ಅವನು ದಿನವೂ ಏನಾದರೊಂದು ನೆಪ ಹಿಡಿದು ಬಂದು ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತು, ಅವಳ ಬೆರಳು ಸ್ಲೈಡ್ ಸರಿಸುವುದನ್ನೇ ನೋಡುತ್ತಿದ್ದ. "ಯಾರದೋ ರಾಳದ ವಾಸನೆ ನಮ್ಮನೆ ತನಕ ಬರ್ತಿದೆಯಲ್ಲೇ!" ಎಂದು, ಅವಳಿದ್ದ ಅಣ್ಣನ ಮನೆಯಲ್ಲಿ, ಅತ್ತಿಗೆ ಛೇಡಿಸಿದಳು. ಅವಳು ತಟ್ಟೆ ತೊಳೆಯುತ್ತಲೇ ಇದ್ದಳು.

ಕೊನೆಗೆ ಅವನನ್ನು ಕರೆದು ಮೈಕ್ರೋಸ್ಕೋಪ್ ತೋರಿಸಿದಳು. "ಇಲ್ಲಿ ನೋಡಿ, ಸಾಲಾಗಿ ತೂತು. ಗಾಯ ಆದ್ಮೇಲೆ ಮರ ಹೊಸದಾಗಿ ಮಾಡ್ಕೊಂಡ ರಾಳದ ಕೊಳವೆಗಳು. ಇಲ್ಲಿ ನಾರು ಗಿಡ್ಡ. ಆದ್ರೆ ಹೆಬ್ಬೆರಳಿನಷ್ಟು ಅಗಲ ಮಾತ್ರ. ಗೇಣು ದೂರ ಹೋದ್ರೆ ಏನೂ ಆಗಿಲ್ಲ. ಮೊದಲ ಸಲ ನೀವು ತಂದಿದ್ದು ಅಲ್ಲಿಂದ."

"ಹಾಗಾದ್ರೆ?"

"ಚೀಟಿ ಸರಿಯಾಗೇ ಇತ್ತು. ತಪ್ಪು ನಂದು. ಮರ ಕೆಡಲ್ಲ ಅಂತಲೇ ಬರೆದು ಕಳಿಸಿದೀನಿ, ಕೆಲಸ ನಿಲ್ಲಲ್ಲ."

ಅವನು ಸ್ಟೂಲಿನಲ್ಲಿ ಕೂತ. "ಇನ್ನು ನಂಗೆ ಇಲ್ಲಿ ಕೆಲಸ ಇಲ್ಲ. ಆದ್ರೂ ಬರ್ಬೇಕು ಅನ್ಸತ್ತೆ," ಎಂದ. "ಯಾಕೆ ಅಂತ ನಿಮಗೆ ಗೊತ್ತು."

"ಗೊತ್ತು. ಆದ್ರೆ ನಂಗೆ ಏನೂ ಅನ್ಸಲ್ಲ. ಖುಷಿ ಆಯ್ತು ಅಂತ ಸುಳ್ಳು ಹೇಳಲ್ಲ."

ಅವನು ತಲೆಯಾಡಿಸಿ ಎದ್ದ. ಬಾಗಿಲ ಹತ್ತಿರ ಹೋಗಿದ್ದ.

"ಮೊನ್ನೆ ಗುರುವಾರ ನೀವು ಬರ್ಲಿಲ್ಲ," ಎಂದಳು. "ಐವತ್ತು ನಾರು ಅಳೆಯೋ ಕಡೆ ಅರವತ್ಮೂರು ಅಳೆದಿದೀನಿ. ಬಾಗಿಲು ನೋಡ್ತಾ ಲೆಕ್ಕ ತಪ್ಪಿತ್ತು."

ಅವನು ತಿರುಗಿದ. "ನಾಳೆ ಬರ್ಲಾ?"

"ನಾಳೆ ಭಾನುವಾರ, ಲ್ಯಾಬ್ ಇರಲ್ಲ. ಮನೆಗೆ ಬನ್ನಿ. ಅಣ್ಣ ಇರ್ತಾನೆ, ಮಾತಾಡಿ."

ಹೇಳುವಾಗ ಅವಳ ದನಿ ನಡುಗಲಿಲ್ಲ. ಅವನ ದನಿ ಮಾತ್ರ, "ಆಯ್ತು" ಎನ್ನುವಷ್ಟರಲ್ಲಿ ಎರಡು ಸಲ ಒಡೆಯಿತು.