ಕೂಗದ ಏಳನೇ ಝೋನ್

ಸೋಮವಾರ ಬೆಳಿಗ್ಗೆ 9.10ಕ್ಕೆ ಲ್ಯಾಬಿನ ಮ್ಯಾನೇಜರ್ ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಟೈಪು ಮಾಡಿಸಿದ ದೂರು, ಹಣೆಯ ತುಂಬ ಬೆವರು. ರಕ್ತ, ಗಂಟು, ಗಡ್ಡೆ ಪರೀಕ್ಷಿಸಿ ವರದಿ ಕೊಡುವ ಲ್ಯಾಬು ಅದು. ಭಾನುವಾರ ರಜೆ. ಆ ರಜೆಯಲ್ಲೇ ಯಾರೋ ಒಳನುಗ್ಗಿ ದಾಖಲೆ ಕೋಣೆಯ ಬೀಗ ಮುರಿದಿದ್ದರು.

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ನಿಂತೇ ಕೇಳಿದರು. ಆಕೆ ಕುರ್ಚಿಯಲ್ಲಿ ಐದು ನಿಮಿಷ ಕೂತದ್ದನ್ನು ಆ ಠಾಣೆಯಲ್ಲಿ ಯಾರೂ ನೋಡಿರಲಿಲ್ಲ.

"ಒಂದು ರಿಜಿಸ್ಟರ್ ಮೇಡಂ."

"ಮತ್ತೆ?"

"ಅಷ್ಟೇ. ಕಂಪ್ಯೂಟರ್ ಮುಟ್ಟಿಲ್ಲ, ಗಲ್ಲಾಪೆಟ್ಟಿಗೆ ಮುಟ್ಟಿಲ್ಲ. ವರದಿ ತಗೊಂಡು ಹೋದೋರ ಸಹಿ ಹಾಕಿಸೋ ರಿಜಿಸ್ಟರ್ ಅದು, ಮೂರು ವರ್ಷದ ಹಿಂದಿಂದು. ಮುಂದಿನ ವಾರ ತಪಾಸಣೆ ಇದೆ. ಅದು ಸಿಗದಿದ್ರೆ ನನ್ನ ಕತೆ ಮುಗೀತು. ಕದ್ದೋಳು ಯಾರು ಅಂತಾನೂ ಗೊತ್ತು. ನಮ್ಮ ಆಯಾ."

ಮ್ಯಾನೇಜರ್ ಫೋನು ಮುಂದೆ ಹಿಡಿದರು. ಅಲಾರಂ ಯಂತ್ರ ಕಳಿಸಿದ್ದ ಸಂದೇಶ ಅದರಲ್ಲಿತ್ತು: ಭಾನುವಾರ ಮಧ್ಯಾಹ್ನ 1.14, ಅಲಾರಂ ಬಂದ್, ಬಳಕೆದಾರ 4. ನಾಲ್ಕನೇ ಬಳಕೆದಾರಳೆಂದರೆ ಲ್ಯಾಬು ಗುಡಿಸಿ ಒರೆಸುವ ಆಯಾ. ಮ್ಯಾನೇಜರ್ ರಜೆಯ ದಿನ ಫೋನು ನೋಡಿರಲಿಲ್ಲ.

9.40ಕ್ಕೆ ಎಫ್‌ಐಆರ್ ದಾಖಲಾಯಿತು. 10.05ಕ್ಕೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಮತ್ತು ಇಬ್ಬರು ಪಂಚರು ಸ್ಥಳದಲ್ಲಿದ್ದರು. ಹೆಡ್ ಕಾನ್‌ಸ್ಟೇಬಲರನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು. ಯಾವುದು ಎಷ್ಟು ಹೊತ್ತಿಗೆ ಆಯಿತೆಂದು ಬರೆದುಕೊಳ್ಳದೆ ಅವರು ನೀರೂ ಕುಡಿಯುತ್ತಿರಲಿಲ್ಲ. ಮುಂಬಾಗಿಲ ಬೀಗ ಸರಿಯಾಗಿತ್ತು, ಅಂದರೆ ಬಂದವನ ಬಳಿ ಕೀಲಿ ಇತ್ತು. ದಾಖಲೆ ಕೋಣೆಯ ಬೀಗವನ್ನು ಕಬ್ಬಿಣದ ಸಲಾಕೆಯಿಂದ ಮೀಟಲಾಗಿತ್ತು.

ಬಾಗಿಲ ಪಕ್ಕದ ಕೀಪ್ಯಾಡಿನ ಕೆಳಗೆ ದುಂಡು ಅಕ್ಷರದ ಪಟ್ಟಿ ಅಂಟಿಸಿತ್ತು. ಕಟ್ಟಡವನ್ನು ಎಂಟು ಝೋನುಗಳಾಗಿ ವಿಂಗಡಿಸಿದ್ದರು. ಒಂದು ಮುಂಬಾಗಿಲು, ಎರಡು ಹಜಾರ, ಹೀಗೆ ಸಾಗಿ ಏಳನೆಯದು ದಾಖಲೆ ಕೋಣೆ. ಯಾರ ಕೋಡಿಗೆ ಯಾವ ಝೋನು ತೆರೆಯುತ್ತದೆ ಎಂಬುದೂ ಅದರಲ್ಲಿತ್ತು. ಇನ್‌ಸ್ಪೆಕ್ಟರ್ ಬೆರಳು ನಾಲ್ಕನೇ ಸಾಲಿನಲ್ಲಿ ನಿಂತಿತು.

"ಆಯಾ ಕೋಡ್ ಒತ್ತಿದ್ರೆ ಒಂದು, ಎರಡು ಮಾತ್ರ ಬಂದ್ ಆಗುತ್ತೆ. ಏಳು ಎಚ್ಚರವಾಗೇ ಇರುತ್ತೆ. ಹಾಗಿದ್ರೆ ಬೀಗ ಮುರಿದಾಗ ಸೈರನ್ ಯಾಕೆ ಕೂಗಲಿಲ್ಲ?"

ಮ್ಯಾನೇಜರ್ ಆಯಾಳತ್ತ ಬೆರಳು ತೋರಿಸಿದರು. "ಅವಳನ್ನೇ ಬಾಯಿ ಬಿಡಿಸಿ ಮೇಡಂ" ಎಂದರು.

ಆಯಾ ಮೂಲೆಯಲ್ಲಿ ಪೊರಕೆ ಹಿಡಿದೇ ನಿಂತಿದ್ದಳು. ಐವತ್ತೈದು ದಾಟಿದ ಹೆಂಗಸು.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ತಂಗಿ ಮನೇಲಿ. ಅವಳನ್ನ ಕೇಳಿ, ಅವಳ ಗಂಡನ್ನ ಕೇಳಿ."

"ನಿಮ್ಮ ಕೋಡ್ ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ನಂಗೆ ಅಂಕಿ ನೆನಪಿರಲ್ಲ ಅಂತ ನಾಲ್ಕು ಮೂಲೆ ಗುಂಡಿ ಒತ್ತೋ ಹಾಗೆ ಮಾಡಿಕೊಟ್ರು, ಅಲಾರಂ ಕೂಡಿಸಿದೋರು. ಒಳ್ಳೇ ಮನುಷ್ಯ. ಹತ್ತು ಸಲ ಹೇಳಿಕೊಟ್ರು, ಒಂದು ಸಲಾನೂ ರೇಗಲಿಲ್ಲ." ಅವಳು ಪೊರಕೆ ಗೋಡೆಗೆ ಒರಗಿಸಿದಳು. "ಈ ಕೆಲಸ ಹೋದ್ರೆ ನನಗೆ ಇನ್ನೊಂದು ಯಾರು ಕೊಡ್ತಾರೆ ತಾಯಿ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಗಡಿಯಾರ ಗೊಣಗಿದರು. ಅವರು ತಂಗಿಯ ಮನೆಗೆ ಫೋನು ಮಾಡಿ ಖಚಿತಪಡಿಸಿಕೊಂಡಾಗ 10.50. ಮ್ಯಾನೇಜರ್ ಮಾತ್ರ ಪಟ್ಟು ಸಡಿಲಿಸಲಿಲ್ಲ. ಕೋಡನ್ನು ಯಾರಿಗೋ ಹೇಳಿ ಕದಿಯಿಸಿದ್ದಾಳೆ ಎಂದರು.

12.15ಕ್ಕೆ ಅಲಾರಂ ಮೆಕ್ಯಾನಿಕ್ ಬಂದ. ನಲವತ್ತೈದರ ಆಸುಪಾಸು, ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಎರಡು ತಿಂಗಳ ಹಿಂದೆ ತಂತಿ ಎಳೆದು, ಸೆನ್ಸರ್ ಕೂಡಿಸಿ, ಎಂಟೂ ಝೋನುಗಳನ್ನು ಪ್ರೋಗ್ರಾಂ ಮಾಡಿದವನು ಅವನೇ. ಶನಿವಾರ ಬ್ಯಾಟರಿ ಬದಲಾಯಿಸಲೂ ಬಂದಿದ್ದ.

"ಈ ಯಂತ್ರ ನಡೆದದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಂತಲ್ಲ. ಶನಿವಾರದಿಂದ ಓದಿ."

"ಹೌದು ಮೇಡಂ. ಅಳಿಸೋಕಾಗಲ್ಲ." ಹಾಗೆ ಹೇಳಿದವನು ಬಾಣದ ಗುಂಡಿ ಒತ್ತುತ್ತ ಹೋದ. ಕಿರುಪರದೆಯಲ್ಲಿ ಒಂದು ಸಲಕ್ಕೆ ಒಂದೇ ಸಾಲು ಬರುತ್ತಿತ್ತು. "ಶನಿವಾರ 10.58, ಪೆಟ್ಟಿಗೆ ಮುಚ್ಚಳ ತೆರೆದಿದೆ. 11.21, ಹೊಸ ಬ್ಯಾಟರಿ. ರಾತ್ರಿ 8.05, ಮ್ಯಾನೇಜರ್ ಅಲಾರಂ ಹಾಕಿದ್ದಾರೆ. ಭಾನುವಾರ 1.14, ಬಳಕೆದಾರ 4, ಬಂದ್. 1.52, ಬಳಕೆದಾರ 4, ಮತ್ತೆ ಚಾಲು."

"ನಾನು ಮುಟ್ಟಿಲ್ಲಪ್ಪೋ!" ಆಯಾ ಅಳು ತಡೆಯಲಾರದೆ ಕುಸಿದಳು. ಮೆಕ್ಯಾನಿಕ್ ಅವಳತ್ತ ತಿರುಗಲಿಲ್ಲ.

ಗಡಿಯಾರ ಪೆನ್ಸಿಲಿನಿಂದ ಪುಸ್ತಕ ತಟ್ಟಿದರು. "ಸಾಲಿನ ಎಡಗಡೆ ಒಂದು ನಂಬರ್ ಬರುತ್ತೆ. 212 ಆದ್ಮೇಲೆ ನನ್ನ ಪುಸ್ತಕದಲ್ಲಿ 214 ಇದೆ. 213 ಎಲ್ಲಿ ಹೋಯ್ತು?"

"ಗುಂಡಿ ಎರಡು ಸಲ ಒತ್ತಿಹೋಯ್ತೇನೋ."

"ಹಿಂದಕ್ಕೆ ಹೋಗಿ," ಎಂದರು ಇನ್‌ಸ್ಪೆಕ್ಟರ್.

213: ಶನಿವಾರ 11.26, ಮೆಕ್ಯಾನಿಕ್ ಕೋಡ್. ಝೋನ್ 7, ಬಳಕೆಯಲ್ಲಿಲ್ಲ.

"ಪರೀಕ್ಷೆಗೆ ಅಂತ ತೆಗೆದಿದ್ದೆ ಮೇಡಂ. ಮತ್ತೆ ಸೇರಿಸೋಕೆ ಮರೆತೆ." ಎಂದ ಅವನು.

ಮರೆವು ಅಪರಾಧವಲ್ಲ. ಹೇಳಿಕೆ ಬರೆಸಿಕೊಂಡು, ಊರು ಬಿಡಬಾರದೆಂದು ಹೇಳಿ ಕಳಿಸಿದರು. "ಬೇಲೀನೇ ಎದ್ದು ಹೊಲ ಮೇದಂಗಿದೆ" ಎಂದರು ಗಡಿಯಾರ. ಇನ್‌ಸ್ಪೆಕ್ಟರಿಗೆ ಅಷ್ಟು ಸಾಲಲಿಲ್ಲ. ಹಜಾರದ ಉದ್ದಕ್ಕೂ ಹೋಗಿ ಬಂದು ಮಾಡಿದರು. ಕೀಲಿ, ಕೋಡು, ಝೋನು ಎಲ್ಲ ಕೈಯಲ್ಲಿದ್ದವನು ಹಳೇ ಸಹಿಗಳ ಪುಸ್ತಕ ಹೊತ್ತೊಯ್ದು ಏನು ಮಾಡುತ್ತಾನೆ? ಆ ಪುಸ್ತಕದೊಳಗೆ ಯಾರಿದ್ದಾರೆ?

ಕಳುವಾದ ರಿಜಿಸ್ಟರ್ ನಾಲ್ಕು ತಿಂಗಳದ್ದು. ಆ ಅವಧಿಯ ರೋಗಿಗಳ ಹೆಸರು, ವಿಳಾಸ ಕಂಪ್ಯೂಟರಿನಲ್ಲಿದ್ದವು. ಒಟ್ಟು 1,140. ಮುದ್ರಿಸಿದ ಹಾಳೆಗಳಲ್ಲಿ ಅರ್ಧವನ್ನು ಇನ್‌ಸ್ಪೆಕ್ಟರ್ ನಿಂತೇ ನೋಡತೊಡಗಿದರು, ಉಳಿದರ್ಧ ಹೆಡ್ ಕಾನ್‌ಸ್ಟೇಬಲರಿಗೆ ಕೊಟ್ಟರು. ಊಟ ಮರೆತುಹೋಯಿತು. 3.20ಕ್ಕೆ ಗಡಿಯಾರ ಎದ್ದು ಮೆಟ್ಟಿಲಡಿಯ ಅಲಾರಂ ಪೆಟ್ಟಿಗೆಯ ಬಳಿ ಹೋದರು. ರಿಪೇರಿಗೆ ಕರೆಯಲೆಂದು ಮೆಕ್ಯಾನಿಕ್ ಅಲ್ಲಿ ತನ್ನ ವಿಳಾಸದ ಚೀಟಿ ಅಂಟಿಸಿದ್ದ. ಸೈಕಲ್ ಅಂಗಡಿಯ ಮೇಲ್ಮಹಡಿ.

"ಮೇಡಂ, 688. ಹೆಂಗಸು, ಮೂವತ್ತೊಂಬತ್ತು ವಯಸ್ಸು. ಎದೆಯ ಗಂಟಿನ ಪರೀಕ್ಷೆ. ವಿಳಾಸ ಇದೇ."

ಮ್ಯಾನೇಜರ್ ಹಣೆ ಉಜ್ಜಿಕೊಂಡರು. "ಓ, ಅವನಾ! ಎರಡು ವರ್ಷದ ಕೆಳಗೆ ಒಬ್ಬ ಮೂರು ಸಲ ಬಂದು ಹೆಂಡತಿ ವರದಿಯ ಪ್ರತಿ ಕೇಳಿದ್ದ. ರೋಗಿ ಸಹಿ ಇಲ್ಲದೆ ಕೊಡಲ್ಲ ಅಂದೆ. ಹೆಂಡತಿ ಸತ್ತೋದ್ಲು ಅಂದ. ಕೋರ್ಟಿಂದ ಕಾಗದ ತಗೊಂಡು ಬಾ ಅಂತ ಕಳಿಸಿದೆ. ಅಲಾರಂ ಹಾಕುವಾಗ ಮುಖ ಗುರುತೇ ಸಿಗಲಿಲ್ಲ."

4.30ಕ್ಕೆ ಸೈಕಲ್ ಅಂಗಡಿಯ ಮೇಲಿನ ಬಾಗಿಲು ತೆರೆದವಳು ಅವನ ಅತ್ತೆ. ಪೊಲೀಸರನ್ನು ಕಂಡು ದಾರಿ ಬಿಟ್ಟಳು. "ನಿನ್ನೆಯಿಂದ ಅನ್ನ ಮುಟ್ಟಿಲ್ಲ ನಮ್ಮ ಅಳಿಯ. ಏನಾಗಿದೆ ಅಂತ ನೀವಾದ್ರೂ ಕೇಳಿ."

ಅವನು ಮೇಜಿನ ಮುಂದೆ ಕೂತಿದ್ದ. ಎದುರಿಗೆ ರಿಜಿಸ್ಟರ್ ತೆರೆದೇ ಇತ್ತು. ಬಚ್ಚಿಡುವ ಗೋಜಿಗೆ ಹೋಗಿರಲಿಲ್ಲ.

"ವರದೀಲಿ ಏನೂ ಇಲ್ಲ, ಸಾದಾ ಗಂಟು ಅಂದಿದ್ಲು ಮೇಡಂ. ಹತ್ತು ತಿಂಗಳಿಗೆ ಹೋಗ್ಬಿಟ್ಲು. ಈ ಲ್ಯಾಬಿನೋರು ತಪ್ಪು ವರದಿ ಕೊಟ್ಟು ಕೊಂದ್ರು ಅಂತ ನಾನು ಎರಡು ವರ್ಷ ಹಲ್ಲು ಕಡಿದೆ. ಅವರೇ ಅಲಾರಂ ಹಾಕು ಅಂತ ಕರೆದ್ರು. ಕೆಲಸ ಮಾಡ್ತಾನೇ ಮುಂಬಾಗಿಲ ಕೀಲಿಯ ನಕಲು ಮಾಡಿಸಿದೆ. ವರದೀಲಿ ಏನು ಕೊಟ್ರು ಅಂತ ಈ ಪುಸ್ತಕದಲ್ಲಿ ಬರೆದಿರ್ತಾರೆ ಅಂತ ಗೊತ್ತಾಗಿತ್ತು."

"ಇದರಲ್ಲಿ ಏನಿದೆ?"

ಅವನು ರಿಜಿಸ್ಟರನ್ನು ಅವರತ್ತ ತಿರುಗಿಸಿದ. 688ರ ಮುಂದೆ ಸಿಬ್ಬಂದಿಯ ಕೆಂಪು ಅಕ್ಷರ: ಕ್ಯಾನ್ಸರ್ ಇದೆ, ತಕ್ಷಣ ವೈದ್ಯರನ್ನು ಕಾಣಲು ತಿಳಿಸಲಾಗಿದೆ. ಅದರ ಪಕ್ಕದಲ್ಲಿ, ಖುದ್ದಾಗಿ ಪಡೆದಿದ್ದೇನೆ ಎಂದು ಒಂದು ಹೆಣ್ಣು ಕೈಬರಹ, ಕೆಳಗೆ ಸಹಿ.

"ಅವಳದೇ. ಅವಳಿಗೆ ಗೊತ್ತಿತ್ತು."

ಇನ್‌ಸ್ಪೆಕ್ಟರ್ ಮೊದಲ ಸಲ ಕುರ್ಚಿ ಎಳೆದು ಕೂತರು. ಅತ್ತೆ ಗೋಡೆ ಹಿಡಿದು ಹತ್ತಿರ ಬಂದು ತಾರೀಖು ನೋಡಿದಳು. "ಆಗ ನೀನು ಏಣಿಯಿಂದ ಬಿದ್ದು ಹಾಸಿಗೆ ಹಿಡಿದಿದ್ಯಲ್ಲೋ. ಮೂರು ತಿಂಗಳು ನಿನ್ನ ಎತ್ತಿ ಕೂಡಿಸಿದ್ದು ಅವಳೇ. ನೀನು ಎದ್ದು ಓಡಾಡಲಿ, ಆಮೇಲೆ ಹೇಳೋಣ ಅಂದ್ಕೊಂಡಿರ್ತಾಳೆ. ಅಷ್ಟರಲ್ಲಿ ರೋಗ ಕೈ ಮೀರಿತ್ತೇನೋ. ನನಗೂ ಹೇಳಲಿಲ್ಲ ನನ್ನ ಮಗಳು."

5.05ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. 5.20ಕ್ಕೆ ದಸ್ತಗಿರಿ.

ಹೇಳಿಕೆಗೆಂದು ಮಧ್ಯಾಹ್ನ ಕರೆಸಿದ್ದ ಆಯಾ ಠಾಣೆಯ ಬೆಂಚಿನ ಮೇಲೆ ಇನ್ನೂ ಕೂತಿದ್ದಳು. ಅವನು ಅವಳೆದುರು ನಿಂತ. "ಅಕ್ಕಾ, ತಪ್ಪಾಯ್ತು. ನನ್ನ ಕೋಡ್ ಹಾಕಿದ್ರೆ ಸಿಕ್ಕಿಬೀಳ್ತೀನಿ ಅಂತ ನಿಮ್ಮದು ಒತ್ತಿದೆ. ನಿಮ್ಮನ್ನ ಹಿಡೀತಾರೆ ಅಂತ ಯೋಚನೆ ಮಾಡಲಿಲ್ಲ."

ಅವಳು ಬೆಂಚಿನಿಂದ ಎದ್ದಳು. "ದಿನಾ ಬೆಳಿಗ್ಗೆ ಆ ಕೋಣೆ ಗುಡಿಸ್ತಾ ಇದ್ದೋಳು ನಾನು. ಹೆಂಡ್ತಿದು ಒಂದು ಕಾಗದ ನೋಡ್ಬೇಕಕ್ಕಾ ಅಂದಿದ್ರೆ ಮ್ಯಾನೇಜರ್ ಜೊತೆ ಒಳಗೆ ಹೋದಾಗ ನಾನೇ ನೋಡ್ಕೊಂಡು ಬರ್ತಿದ್ನಲ್ಲಪ್ಪಾ," ಎಂದಳು. ಆಮೇಲೆ ತನಗೆ ಓದು ಬಾರದೆಂಬುದು ನೆನಪಾಗಿ ಮತ್ತೆ ಕೂತಳು.

ಇನ್‌ಸ್ಪೆಕ್ಟರ್ ಹೇಳಿಕೆ ಬರೆಯತೊಡಗಿದರು. ರಿಜಿಸ್ಟರ್ ಯಾವಾಗ ವಾಪಸು ಸಿಗುತ್ತದೆಂದು ಮ್ಯಾನೇಜರ್ ಎರಡು ಸಲ ಫೋನು ಮಾಡಿದರು. ಎರಡು ಸಲವೂ ಉತ್ತರ ಕೊಟ್ಟದ್ದು ಗಡಿಯಾರ. ಕೃತ್ಯದ ಉದ್ದೇಶ ಎಂಬ ಜಾಗಕ್ಕೆ ಬಂದಾಗ ಇನ್‌ಸ್ಪೆಕ್ಟರ್ ತಲೆಯೆತ್ತಿದರು.

"ಏನಂತ ಬರೀಲಿ?"

"ಯಾರ ಜೊತೆಗಾದ್ರೂ ಜಗಳ ಆಡ್ಬೇಕಿತ್ತು ಮೇಡಂ," ಎಂದ ಅವನು. "ಈಗ ಅದಕ್ಕೂ ಯಾರೂ ಇಲ್ಲ."

ಅವರು ಅದನ್ನು ಹಾಗೆಯೇ ಬರೆದುಕೊಂಡರು.