ಹನ್ನೆರಡು ಬಕೆಟ್ ನೀರು

"ಅಲ್ಲಾಡಬೇಡಿ! ಹಾಗೇ ನಿಂತ್ಕೊಳ್ಳಿ!"

ಹೊಲಿಗೆ ಮಷೀನು ರಿಪೇರಿ ಅಂಗಡಿಯ ಬಾಗಿಲ ಕಡೆಯಿಂದ ಗಂಡಸಿನ ಕೂಗು. ಅವಳು ತಿರುಗಿ ನೋಡುವಷ್ಟರಲ್ಲಿ ಅವಳ ಭುಜದ ಪಕ್ಕದಲ್ಲೇ ಇನ್ನೊಂದು ಭುಜ ಬಂದು ಶೆಲ್ಫಿಗೆ ಆತುಕೊಂಡಿತ್ತು. ಹಸಿ ಮರದ ಪುಡಿಯ ವಾಸನೆ... ಎಡಕ್ಕೆ ವಾಲಿದ್ದ ಶೆಲ್ಫು ಕಿರ್ರೆಂದು ಸದ್ದು ಮಾಡಿ ನಿಂತಿತು. ಮೇಲಿನ ಹಲಗೆಯ ಹೊಲಿಗೆ ಮಷೀನೊಂದು ಅಂಚಿಗೆ ಬಂದು ಇಬ್ಬರ ತಲೆಯನ್ನೂ ಇಣುಕಿ ನೋಡುತ್ತಿತ್ತು.

"ನಾನು ಹಿಡ್ಕೊಂಡಿರ್ತೀನಿ. ನೀವು ಒಂದೊಂದೇ ಇಳಿಸಿ."

ಅವಳು ನಾಲ್ಕು ಮಷೀನುಗಳನ್ನೂ ಎತ್ತಿ ನೆಲಕ್ಕಿಟ್ಟಳು. ಎಲ್ಲವೂ ಕಬ್ಬಿಣದ ಗಟ್ಟಿ ಪಿಂಡಗಳು.

"ಒಂದೊಂದು ಎಷ್ಟು ತೂಕ ರೀ?"

"ಹನ್ನೆರಡು ಕೆಜಿ."

"ಈ ಶೆಲ್ಫು ಜೋಡಿಸಿದ ಪುಣ್ಯಾತ್ಮ ಯಾರು?"

"ನಾನೇ."

"ಓ... ಹಾಗಾದ್ರೆ ಬೈಯೋದು ಬೇಡ ಬಿಡಿ."

ಮೂಲೆಯಲ್ಲಿ ಕೂತು ದಾರ ಸುತ್ತುತ್ತಿದ್ದ ಸೋದರತ್ತೆ ಕಿಸಕ್ಕನೆ ನಕ್ಕಳು. ಶೆಲ್ಫು ಜೋಡಿಸಿದವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ!

ಅವನು ರಸ್ತೆಯ ಕೊನೆಯಲ್ಲಿ ಹೋದ ತಿಂಗಳು ಅಂಗಡಿ ಹಾಕಿದ ಬಡಗಿ. ಮಂಡಿಯೂರಿ ಕೂತು ಶೆಲ್ಫಿನ ಬೆನ್ನು, ಮೂಲೆ, ಕಾಲು ಎಲ್ಲ ತಟ್ಟಿ ನೋಡಿದ.

"ಡಬ್ಬದಲ್ಲಿ ಬಿಡಿಬಿಡಿಯಾಗಿ ಬರೋ ಸಾಮಾನು. ಮರದ ಪುಡಿ ಒತ್ತಿ ಮಾಡಿರೋ ಹಲಗೆ, ಹಿಂದುಗಡೆ ರಟ್ಟಿನಂಥ ಬೆನ್ನು. ನಾಲ್ಕು ಪುಸ್ತಕಕ್ಕೆ ಸರಿ."

"ಸೋಮವಾರ ಹೊಲಿಗೆ ಶಾಲೆಯಿಂದ ಹನ್ನೆರಡು ಮಷೀನು ರಿಪೇರಿಗೆ ಬರುತ್ತೆ. ಇಡೋಕೆ ಜಾಗ ಇಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರೆ." ಅವಳ ದನಿ ಸಣ್ಣಗಾಯಿತು. "ಅಪ್ಪ ಹೋದ್ಮೇಲೆ ನನ್ನನ್ನ ನಂಬಿ ಬಂದ ಮೊದಲ್ನೇ ದೊಡ್ಡ ಕೆಲಸ. ಗಟ್ಟಿ ಮಾಡಿದ್ರೆ ಇದು ತಡೆಯುತ್ತಾ?"

ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

"ಗೊತ್ತಿಲ್ಲದ್ದಕ್ಕೆ ಹೂಂ ಅನ್ನೋ ಅಭ್ಯಾಸ ನಂಗಿಲ್ಲ. ಶುಕ್ರವಾರ ಬಂದು ಹೇಳ್ತೀನಿ. ಅಲ್ಲೀತನಕ ಇದರ ಮೇಲೆ ಏನೂ ಇಡ್ಬೇಡಿ."

ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದ.

"ಏನು?"

"ಏನಿಲ್ಲ... ಕೆನ್ನೆಗೆ ಗ್ರೀಸ್ ಹತ್ತಿದೆ."

ಆ ಸಂಜೆ ಅವಳು ಮೂರು ಸಲ ಕನ್ನಡಿ ನೋಡಿದಳು. ಗ್ರೀಸ್ ಒರೆಸಲು ಮಾತ್ರ ಮರೆತಳು.

ಅದು ಮಂಗಳವಾರ. ಬುಧವಾರ ಮಧ್ಯಾಹ್ನ ಕಿಟಕಿಯಾಚೆ ನೋಡಿದವಳ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಹಾಗೇ ನಿಂತಿತು.

ಎದುರು ಸಾಲಿನ ಹೂವಿನಂಗಡಿ. ಒಳಗೆ ಅವನೇ! ಎರಡೂ ಕೈಯಲ್ಲಿ ತುಂಬಿದ ಬಕೆಟ್. ಹೂವಿನಂಗಡಿಯವಳು ಕಿವಿಯ ಹಿಂದೆ ಗುಲಾಬಿ ಸಿಕ್ಕಿಸಿಕೊಂಡು ಏನೋ ಹೇಳಿದಳು, ನಕ್ಕಳು. ಆ ನಗು ರಸ್ತೆ ದಾಟಿ ಬಂದು ಇವಳ ಎದೆಗೆ ಸೂಜಿಯಂತೆ ಚುಚ್ಚಿತು.

'ನೀರು ಹೊರ್ತಿದ್ದಾನೆ... ಅವಳಿಗೆ! ನನಗೆ ಶುಕ್ರವಾರ, ಅವಳಿಗೆ ಇವತ್ತೇ!'

ಗುರುವಾರವೂ ಅದೇ.

"ಏಳು... ಎಂಟು..."

"ಏನೇ ಅದು ಎಣಿಸ್ತಿರೋದು?" ಅತ್ತೆ ಕೇಳಿದಳು.

"ಏನಿಲ್ಲ. ಆ ಬಡಗಿ ಎದುರುಗಡೆಯವಳಿಗೆ ನೀರು ಹೊರ್ತಿದ್ದಾನೆ. ಹೊರಲಿ! ನಂಗೇನು?"

"ನಿಂಗೇನೂ ಇಲ್ಲ ಅಂದ್ರೆ ಲೆಕ್ಕ ಯಾಕೆ? ಮಷೀನಿನ ಸೂಜಿ ನೋಡು, ಹಿಂದುಮುಂದಾಗಿ ಹಾಕಿದ್ದೀಯ."

ನಿಜ. ಹತ್ತು ವರ್ಷದಲ್ಲಿ ಮಾಡದ ತಪ್ಪು. ಅವಳಿಗೆ ಅಳು ಬರುವಂತಾಯಿತು. ಒಂದು ಸಲ ಭುಜ ತಾಗಿದ್ದಕ್ಕೆ ಇಷ್ಟೆಲ್ಲ ಆಸೆ ಕಟ್ಟಿಕೊಂಡೆನಲ್ಲ... ತನ್ನ ಮೇಲೆ ತನಗೇ ಸಿಟ್ಟು. ಆ ಸಿಟ್ಟನ್ನು ಕೈಗೆ ಇಳಿಸಿದಳು.

'ಯಾರ ಹಂಗೂ ಬೇಡ. ನಾನೇ ಗಟ್ಟಿ ಮಾಡ್ತೀನಿ!'

ಹಾರ್ಡ್‌ವೇರ್ ಅಂಗಡಿಯಿಂದ ಎಂಟು ಕಬ್ಬಿಣದ ಮೂಲೆಪಟ್ಟಿ, ಒಂದು ಮುಷ್ಟಿ ಸ್ಕ್ರೂ ತಂದಳು. ಪ್ರತಿ ಸ್ಕ್ರೂಗೂ ಒಂದು ತೊಟ್ಟು ಎಣ್ಣೆ ಬಿಟ್ಟಳು. ಅಪ್ಪ ಕಲಿಸಿದ್ದ ಪಾಠ ಅದು. 'ಎಣ್ಣೆ ಇಲ್ಲದ ಸ್ಕ್ರೂ, ಊಟ ಇಲ್ಲದ ಅಳಿಯ, ಎರಡೂ ಕಿರಿಕಿರಿ' ಅನ್ನುತ್ತಿದ್ದ. ಸ್ಕ್ರೂಗಳು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಆರು ಮಷೀನು ಹತ್ತಿಸಿದಳು. ನಿಂತಿತು! ಕಿಟಕಿಯ ಕಡೆಗೆ ಮೂತಿ ತಿರುವಿದಳು.

ಶುಕ್ರವಾರ ಬೆಳಿಗ್ಗೆ ಶೆಲ್ಫು ಮತ್ತೆ ಕಿರ್ರೆಂದಿತು. ಅವಳು ಓಡಿಬಂದು ಬೆನ್ನು ಕೊಟ್ಟಳು. ಆರು ಮಷೀನಿನ ಭಾರ ಹೆಗಲಿಗೆ ಬಂತು. ಮುಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೆ ಸರಿಯುವಂತಿಲ್ಲ.

"ಅತ್ತೇ!"

ಅತ್ತೆ ರಸ್ತೆಗೆ ಓಡಿ ನಿಂತು ಕೂಗಿದಳು. "ಏ ಬಡಗಿಯಪ್ಪಾ! ನೀರು ಆಮೇಲೆ ಹೊರು, ಇಲ್ಲಿ ಬಾ! ಹುಡುಗಿ ಕಬ್ಬಿಣದಡಿ ಹೋಗ್ತಾಳೆ!"

ಎದುರಂಗಡಿಯಲ್ಲಿ ಬಕೆಟ್ ಉರುಳಿದ ಸದ್ದು. ಮೊಣಕಾಲವರೆಗೆ ನೆನೆದುಕೊಂಡು ಅವನು ಹಾರಿ ಬಂದ. ಮತ್ತೆ ಅದೇ ಭುಜ, ಅವಳ ಭುಜದ ಪಕ್ಕ.

"ಏನೂ ಇಡ್ಬೇಡಿ ಅಂದಿದ್ದೆ ತಾನೇ!"

ಹಿಂದೆಯೇ ಬಂದ ಹೂವಿನಂಗಡಿಯವಳೂ ಅತ್ತೆಯೂ ಸೇರಿ ಮಷೀನು ಇಳಿಸಿದರು. ಅವನು ಸಡಿಲವಾದ ಸ್ಕ್ರೂ ಒಂದನ್ನು ಬೆರಳಲ್ಲೇ ಎಳೆದು ತೆಗೆದು ಮೂಸಿದ.

"ಎಣ್ಣೆ ಹಾಕಿದ್ರಾ?!"

"ಎಣ್ಣೆ ಹಾಕದೆ ಯಾರಾದ್ರೂ ಸ್ಕ್ರೂ ಹಾಕ್ತಾರಾ?"

"ಮಷೀನಿಗೆ ಹಾಕಿ ತಾಯಿ. ಈ ಹಲಗೆಗೆ ಬೇಕಿರೋದು ಹಿಡಿತ. ಇದು ಜಾರುಬಂಡೆ ಆಗೋಗಿದೆ! ಒಂದು ದಿನ ಕಾಯೋಕೆ ಆಗ್ಲಿಲ್ವಾ?"

"ಯಾರನ್ನ ಕಾಯಬೇಕಿತ್ತು?" ತಡೆದಿದ್ದೆಲ್ಲ ಒಡೆದು ಬಂತು. "ನಿಮಗೆ ಪುರುಸೊತ್ತು ಎಲ್ಲಿತ್ತು? ಮೂರು ದಿನದಿಂದ ಅಲ್ಲಿ ನೀರು ಹೊರೋದೇ ಆಗಿದೆ! ಬುಧವಾರ ನಾಲ್ಕು, ನಿನ್ನೆ ಎಂಟು..."

ಅವನ ಕಿವಿ ಕೆಂಪಾಯಿತು.

ಹೂವಿನಂಗಡಿಯವಳು ನಗುತ್ತ ಅವಳ ಕೈ ಹಿಡಿದಳು. "ಬಾರಮ್ಮಾ ಲೆಕ್ಕದವಳೇ! ಕಣ್ಣಾರೆ ನೋಡು ಬಾ."

ಹೂವಿನಂಗಡಿಯಲ್ಲಿ ಇತ್ತು, ಅದೇ ಶೆಲ್ಫು. ಅದೇ ಬಣ್ಣ, ಅದೇ ಡಬ್ಬದ ಸಾಮಾನು. ಆದರೆ ಬೆನ್ನಿಗೆ ಪ್ಲೈವುಡ್, ಪ್ರತಿ ಹಲಗೆಯ ಅಡಿಗೆ ಮರದ ಪಟ್ಟಿ, ಮೇಲ್ಗಡೆ ಗೋಡೆಗೆ ಬಿಗಿದ ಕಬ್ಬಿಣದ ಪಟ್ಟಿ. ನಾಲ್ಕು ಹಲಗೆಗಳ ಮೇಲೆ ಹನ್ನೊಂದು ಬಕೆಟ್ ನೀರು. ಅಂಚಿನಲ್ಲಿ ಪೆನ್ಸಿಲ್ ಅಕ್ಷರ:

'ಬುಧವಾರ, ನಾಲ್ಕು ಮಷೀನು. ಗುರುವಾರ, ಎಂಟು ಮಷೀನು. ಶುಕ್ರವಾರ, ಹನ್ನೆರಡು?'

ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಒಂದು ಬಕೆಟ್ಟಿಗೆ ಹನ್ನೆರಡು ಲೀಟರ್, ನಿಮ್ಮ ಒಂದು ಮಷೀನಿನ ತೂಕ," ಅವನು ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದ. "ನಾನು ಗಟ್ಟಿ ಮರದಲ್ಲಿ ಕೈ ಪಳಗಿಸಿದವನು. ಈ ಪುಡಿ ಹಲಗೆ ಎಷ್ಟು ಹೊರುತ್ತೆ ಅಂತ ನಂಗೂ ಗೊತ್ತಿರಲಿಲ್ಲ. ಬಿದ್ರೆ ಇಲ್ಲಿ ನೀರು ಬೀಳುತ್ತೆ. ಅಲ್ಲಿ ಬಿದ್ರೆ..."

ಅವನು ಅವಳ ಕಾಲ ಬಳಿ ಹರಿದಿದ್ದ ನೀರನ್ನು ನೋಡಿದ.

"ನಿಜ ಹೇಳ್ಲಾ?" ಹೂವಿನಂಗಡಿಯವಳು ಗುಲಾಬಿ ಸರಿಮಾಡಿಕೊಂಡಳು. "ಮೊದಲ್ನೇ ದಿನ ನಂಗೂ ಒಂಚೂರು ಆಸೆ ಆಗಿತ್ತು. ಆದ್ರೆ ಈ ಮನುಷ್ಯ ಮಷೀನು, ಮಷೀನಿನವಳು ಬಿಟ್ಟು ಬೇರೆ ಮಾತಾಡಿದ್ರೆ ತಾನೇ! ನಂಗೆ ಪುಕ್ಕಟೆ ಶೆಲ್ಫು ಗಟ್ಟಿಯಾಯ್ತು, ಅಷ್ಟೇ ಲಾಭ."

ಮಷೀನಿನವಳು ಉರುಳಿಬಿದ್ದಿದ್ದ ಬಕೆಟ್ಟನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗಿಟ್ಟಳು. ತುಂಬಿದ್ದನ್ನು ತಾನೇ ಹೊತ್ತು ತಂದು ಮೇಲಿನ ಹಲಗೆಗೆ ಏರಿಸಿದಳು. ಹನ್ನೆರಡನೆಯದು.

ಹಿಂದೆಯೇ ಬಂದಿದ್ದ ಅತ್ತೆಯೂ ಸೇರಿ ನಾಲ್ವರೂ ಶೆಲ್ಫನ್ನೇ ನೋಡಿದರು. ಶೆಲ್ಫು ಕಿರ್ರೆನ್ನಲಿಲ್ಲ. ಬಕೆಟ್ಟಿನ ನೀರೂ ತುಳುಕಲಿಲ್ಲ.

ಅವನು ಪೆನ್ಸಿಲ್ ತೆಗೆದು ಆ ಪ್ರಶ್ನೆ ಚಿಹ್ನೆಯನ್ನು ಹೊಡೆದುಹಾಕಿದ.

ಶನಿವಾರ ಇಡೀ ದಿನ ಅವಳ ಅಂಗಡಿಯಲ್ಲಿ ಕೆಲಸ. ಎಣ್ಣೆ ಕುಡಿದ ತೂತುಗಳನ್ನು ಬಿಟ್ಟು ಎರಡು ಬೆರಳು ಪಕ್ಕಕ್ಕೆ ಹೊಸ ತೂತು ಕೊರೆದ. ಮೂಲೆಯಿಂದ ಮೂಲೆಗೆ ಟೇಪು ಹಿಡಿಯುವುದು ಅವಳ ಪಾಲಿಗೆ ಬಂತು. ಎರಡೂ ಓರೆ ಅಳತೆ ಒಂದೇ ಬಂದು ಚೌಕಟ್ಟು ನೆಟ್ಟಗಾಗುವವರೆಗೂ ಬೆನ್ನಿನ ಪ್ಲೈವುಡ್ಡಿಗೆ ಒಂದು ಸ್ಕ್ರೂ ಕೂಡ ಹಾಕಲಿಲ್ಲ ಅವನು. ಎಣ್ಣೆ ಡಬ್ಬಿಯನ್ನು ಅತ್ತೆ ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದಳು.

ಸೋಮವಾರ ಹನ್ನೆರಡು ಮಷೀನು ಬಂದವು. ಮೂರರಂತೆ ನಾಲ್ಕು ಸಾಲು. ಶಾಲೆಯವರು ಹೋದ ಮೇಲೂ ಅವನು ಶೆಲ್ಫಿಗೆ ಭುಜ ಕೊಟ್ಟು ನಿಂತೇ ಇದ್ದ.

"ಸಾಕು, ಬಿಡಿ. ನಿಂತಿದೆಯಲ್ಲ."

"ಗೊತ್ತು."

"ಮತ್ತೆ ಯಾಕೆ ನಿಂತಿದ್ದೀರ?"

"ಬಿಟ್ರೆ ಹೋಗ್ಬೇಕಾಗುತ್ತಲ್ಲ... ಹೋಗೋಕೆ ಮನಸ್ಸಿಲ್ಲ ರೀ. ಆ ಮಂಗಳವಾರದಿಂದಲೂ ಇಲ್ಲ."

ಅವಳು ಅವನ ಪಕ್ಕ ಬಂದು ತಾನೂ ಶೆಲ್ಫಿಗೆ ಒರಗಿದಳು. ಭುಜಕ್ಕೆ ಭುಜ.

"ಒಂದು ಮಾತು. ಇನ್ಮೇಲೆ ಎದುರಂಗಡಿಗೆ ಒಂದು ಚೊಂಬು ನೀರೂ ಹೊರಕೂಡದು."

"ಇಲ್ಲ."

"ನಮ್ಮನೆ ಮೂರನೇ ಮಹಡಿ. ಬೇಸಿಗೆಯಲ್ಲಿ ನಲ್ಲಿ ಬರಲ್ಲ. ಲಿಫ್ಟೂ ಇಲ್ಲ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಮುಖವೆಲ್ಲ ಅರಳಿತು.

"ಎಷ್ಟು ಬಕೆಟ್?"

"ದಿನಾ ಹನ್ನೆರಡು," ಅಂದಳು ಅವಳು, ಕೆನ್ನೆಯ ಗ್ರೀಸನ್ನು ಅವನ ತೋಳಿಗೇ ಒರೆಸುತ್ತ. "ಲೆಕ್ಕ ನಾನು ಇಟ್ಕೊಳ್ತೀನಿ."