ಜನರೇಟರಿನ ಒಡೆದ ಸೀಲು

ಸೋಮವಾರ ಬೆಳಿಗ್ಗೆ ಕಾವಲುಗಾರ ಹುಲಿಗೇಶ ಕೂಗಿಕೊಂಡಾಗ ಪುಷ್ಪಾವತಿ ಇನ್ನೂ ಸ್ಕೂಟರ್ ನಿಲ್ಲಿಸುತ್ತಿದ್ದಳು. ಅಂಗಳದ ಮೂಲೆಯ ಜನರೇಟರ್ ಕೋಣೆ ತೆರೆದಿತ್ತು, ಬೀಗ ಮಾತ್ರ ಮುರಿದಿರಲಿಲ್ಲ. ಯಂತ್ರದ ಮೇಲಿನ ಅರಗಿನ ಸೀಲು ಒಡೆದಿತ್ತು. ಡೀಸೆಲ್ ಟ್ಯಾಂಕು ಬರಿದು!

ಹಾವೇರಿಯ ಆ ಸಾಫ್ಟ್‌ವೇರ್ ಕಂಪನಿಗೆ ಇದು ಕಳ್ಳತನಕ್ಕಿಂತ ದೊಡ್ಡ ಪೆಟ್ಟು. ಈ ವರ್ಷ ಒಂದು ಹನಿ ಡೀಸೆಲ್ ಸುಡುವುದಿಲ್ಲ, ಇಂಗಾಲದ ಹೊಗೆಯನ್ನು ಅರ್ಧಕ್ಕಿಳಿಸುತ್ತೇವೆ ಎಂದು ವಿದೇಶದ ಗಿರಾಕಿಗಳಿಗೆ ಮಾತು ಕೊಟ್ಟಾಗಿತ್ತು. ಕೊಟ್ಟವಳು ಕಂಪನಿಯ ಪರಿಸರ ವಿಭಾಗ ನೋಡಿಕೊಳ್ಳುವ ಶಾಹೀನ್; ಜನರೇಟರಿಗೆ ಸೀಲು ಹಾಕಿಸಿದವಳೂ ಅವಳೇ. ತಪಾಸಣೆಯವರು ಮಧ್ಯಾಹ್ನ ಬೆಂಗಳೂರಿನಿಂದ ಬರುವವರಿದ್ದರು. ಮಾತು ಮುರಿದದ್ದು ನಿಜವಾದರೆ ಅವಳ ಕೆಲಸ ಹೋಗುವುದೂ ನಿಜ.

ಪುಷ್ಪಾವತಿಗೆ ಸಂತೋಷವಾಯಿತು. ಸುಳ್ಳೇಕೆ ಹೇಳಬೇಕು? ಮೊದಲ ಕುರ್ಚಿ ತಂದಿಟ್ಟ ದಿನದಿಂದ ಈ ಕಚೇರಿಯ ಆಡಳಿತ ನೋಡಿಕೊಂಡವಳು ಅವಳು. ನಿನ್ನೆ ಮೊನ್ನೆ ಬಂದ ಶಾಹೀನಳ ಫೋಟೊ ಕಂಪನಿಯ ಕ್ಯಾಲೆಂಡರಿನಲ್ಲಿ! ಸೌರಫಲಕಗಳ ಮುಂದೆ ನಿಂತು ನಗುವ ಆ ಮುಖ ಕಂಡರೆ ಹೊಟ್ಟೆಯೊಳಗೆ ಖಾರ ಕಲಸಿದಂತಾಗುತ್ತಿತ್ತು. ಫೆಬ್ರವರಿ ಅರ್ಧ ಕಳೆದರೂ ಪುಷ್ಪಾವತಿಯ ಮೇಜಿನ ಮೇಲೆ ಜನವರಿಯೇ ಇತ್ತು, ಏಕೆಂದರೆ ಶಾಹೀನ್ ಇದ್ದದ್ದು ಫೆಬ್ರವರಿಯ ಹಾಳೆಯಲ್ಲಿ.

"ಅವರು ಬರೂದ್ರಾಗ ಪತ್ತೆ ಆಗಬೇಕ್ರಿ," ಎಂದ ಮ್ಯಾನೇಜರ್ ಹನುಮೇಶ. "ನಿಮಗ ಈ ಕಚೇರಿ ಮೂಲಿ ಮೂಲಿ ಗೊತ್ತೈತಿ. ನೀವ ನೋಡ್ರಿ."

ಮೊದಲು ಶಾಹೀನ್.

"ನಿನ್ನೆ ಸೂಟಿ ದಿನಾನೂ ಇಲ್ಲಿ ಬಂದಿದ್ದಿ?"

"ಹೌದ್ರಿ ಮೇಡಂ. ವರದಿ ಮುಗಿಸೋದಿತ್ತು."

"ಕರೆಂಟ್ ಇತ್ತೇನು?"

"ಇರಲಿಲ್ರಿ. ಸೋಲಾರ್ ಬ್ಯಾಟರಿ ಮ್ಯಾಲೆ ಕೆಲಸ ಮಾಡಿದೆ. ಜನರೇಟರ್ ಮುಟ್ಟಿಲ್ಲ, ಖರೇ ಹೇಳ್ತೇನಿ."

"ಕೋಣಿ ಕೀಲಿಕೈ?"

"ಒಂದು ನನ್ನ ಕಡೆ ಐತಿ. ಇನ್ನೊಂದು ನಿಮ್ಮ ಡ್ರಾದಾಗ."

ಅವಳ ಕಣ್ಣು ತುಂಬಿ ಬಂತು. ಅಳುವಾಗಲೂ ಚೆಂದ ಕಾಣುತ್ತಾಳಲ್ಲ ಎಂದು ಪುಷ್ಪಾವತಿಗೆ ಇನ್ನಷ್ಟು ಸಿಟ್ಟು ಬಂತು.

ಹುಲಿಗೇಶನಿಗೆ ಏನೂ ಗೊತ್ತಿರಲಿಲ್ಲ. ಅವನೂ ಹೆಂಡತಿ ಮೈಲವ್ವನೂ ನಿನ್ನೆ ಬೆಳಿಗ್ಗೆಯೇ ಕರ್ಜಗಿಗೆ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿ, ಹೊತ್ತು ಮುಳುಗುವಾಗ ಮರಳಿದ್ದರು.

ಉಳಿದವನು, ನಿನ್ನೆ ಈ ಕಡೆ ಬಂದಿದ್ದೆನೆಂದು ತಾನಾಗಿಯೇ ಹೇಳಿಕೊಂಡ ಲೆಕ್ಕಪತ್ರ ವಿಭಾಗದ ಸುಭಾಷ. ದಿನಾ ಪುಷ್ಪಾವತಿಯ ಮೇಜಿಗೆ ಕುರ್ಚಿ ಎಳೆದುಕೊಂಡು ಚಹಾ ಕುಡಿಯುವವನು. ಶಾಹೀನಳ ಹುದ್ದೆ ತನಗೆ ಬರಬೇಕಿತ್ತೆಂದು ಹಲ್ಲು ಕಡಿಯುವವನು. ಚಹಾದ ಜೊತೆ ಇಬ್ಬರೂ ನಂಚಿಕೊಳ್ಳುತ್ತಿದ್ದದ್ದು ಅವಳನ್ನೇ.

"ನಿನ್ನೆ ಮಧ್ಯಾಹ್ನ ಕಾರ್ ತಗೊಂಡು ರಾಣೆಬೆನ್ನೂರಿಗೆ ಹೊಂಟಿದ್ದೆ ಅಕ್ಕಾರ," ಎಂದ ಅವನು. "ಗೇಟಿನ ಮುಂದ ನಿಂದ್ರಿಸಿದೆ. ಜನರೇಟರ್ ಗುಡುಗುಡು ಅನ್ನಾಕತ್ತಿತ್ತು. ಪೈಪಿನಾಗಿಂದ ಕರಿ ಹೊಗಿ!"

"ಖರೇ ನೋಡಿದಿ?"

"ಕಣ್ಣಾರೆ! ತಾಸುಗಟ್ಟಲೆ ಓಡಿರಬೇಕು. ಇಲ್ಲಂದ್ರ ಟ್ಯಾಂಕ್ ಬರಿದ ಆಗತಿತ್ತೇನ್ರಿ?"

ಮುಗಿಯಿತು. ಇನ್ನೇನು ಬೇಕು? ಆದರೂ ಪುಷ್ಪಾವತಿ ಇನ್ನೊಮ್ಮೆ ಜನರೇಟರ್ ಕೋಣೆಗೆ ಹೋದಳು. ಯಂತ್ರ ಎಷ್ಟು ಹೊತ್ತು ಓಡಿತೆಂದು ತೋರಿಸುವ ಮೀಟರು ಎಂದೋ ಕೆಟ್ಟಿತ್ತು. ಹೊಗೆಯ ಪೈಪು ಗೋಡೆಯಿಂದ ಮೊಣಕಾಲೆತ್ತರಕ್ಕೆ ಹೊರಚಾಚಿತ್ತು. ಅದರ ಎದುರಿಗೇ ಮೈಲವ್ವ ಬಿಳಿ ಧೋತರದ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹರವುತ್ತಿದ್ದಳು.

"ಇಲ್ಲೇ ಯಾಕ ಹಾಕೀದಿ ಮೈಲವ್ವಾ?"

"ಈ ವರ್ಷ ಮಷಿನ್ ಹಚ್ಚಂಗಿಲ್ಲಂತಲ್ರಿ. ಬಿಸಿಲು ಚೊಲೊ ಬೀಳತೈತಿ."

"ನಿನ್ನೆ?"

"ನಿನ್ನೆನೂ ಹರವೇ ಹೋಗಿದ್ದೆ. ಸಂಜಿಕ ಬಂದು ಗುಡ್ಡಿ ಮಾಡಿ ಮುಚ್ಚಿದೆ. ಇಟ್ಟಂಗ ಇದ್ದೂ."

ಪುಷ್ಪಾವತಿ ಒಂದು ಕಾಯಿ ಎತ್ತಿ ಮೂಸಿದಳು. ಧೋತರದ ಅಂಚು ಸವರಿ ಬೆರಳು ನೋಡಿಕೊಂಡಳು. ಇದನ್ನು ಬೇರೆ ಯಾರೂ ನೋಡಿಲ್ಲ. ತಾನು ಬಾಯಿ ಮುಚ್ಚಿಕೊಂಡರೆ ಸಾಕು, ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಆ ನಗು ಇರುವುದಿಲ್ಲ. ಅವಳು ಕಾಯಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಒಳಗೆ ನಡೆದಳು.

ಮ್ಯಾನೇಜರರ ಕೋಣೆಯಲ್ಲಿ ಎಲ್ಲರೂ ಸೇರಿದಾಗ ಆ ಕಾಯಿಯನ್ನು ಮೇಜಿನ ಮೇಲಿಟ್ಟಳು.

"ಜನರೇಟರ್ ಹಚ್ಚೇ ಇಲ್ರಿ. ಆ ಹಳೇ ಮಷಿನ್ ಶುರುವಾದ ಕೂಡಲೇ ಮಸಿ ಉಗುಳತೈತಿ. ಪೈಪಿನ ಮುಂದ ನಿನ್ನೆ ಇಡೀ ದಿನ ಮೆಣಸಿನಕಾಯಿ ಇದ್ದೂ. ಒಂದ ಕಾಯಿಗೂ ಮಸಿ ಹತ್ತಿಲ್ಲ, ಡೀಸೆಲ್ ವಾಸನಿ ಇಲ್ಲ. ಧೋತರ ಬೆಳ್ಳಗ ಐತಿ. ಹಂಗಾದ್ರ ಸುಭಾಷ, ನೀ ನೋಡಿದ ಹೊಗಿ ಯಾವುದಪಾ?"

"ಮೆಣಸಿನಕಾಯಿ?" ಸುಭಾಷ ತೊದಲಿದ.

"ಹೂಂ. ಸುಗ್ಗಿಯಾಗ ನಮ್ಮ ಕಡೆ ಎಲ್ಲಾ ಅಂಗಳದಾಗೂ ಇರತಾವ. ಅದಕ್ಕ ನಿನ್ನ ಕಣ್ಣಿಗೆ ಬೀಳಲಿಲ್ಲ, ದಾಟಿಕೊಂಡು ಹೋದಿ. ಕೀಲಿಕೈ ನನ್ನ ಡ್ರಾದಾಗಿಂದು. ನನ್ನ ಡ್ರಾಕ್ಕ ಕೈ ಹಾಕಿ ಸಕ್ಕರಿ ಡಬ್ಬಿ ತಗೊಳ್ಳಾಂವ ನೀ ಒಬ್ಬನ. ಡೀಸೆಲ್ ಎಲ್ಲಿ ಹೋತಂತ ನಿನ್ನ ಕಾರಿನ ಡಿಕ್ಕಿ ತಗದು ನೋಡೂಣೇನು?"

ಸುಭಾಷನ ಕೈ ತಾನಾಗಿಯೇ ಕಾರಿನ ಕೀಲಿಕೈ ಇದ್ದ ಜೇಬನ್ನು ಒತ್ತಿ ಹಿಡಿಯಿತು. ಹನುಮೇಶ ಎದ್ದು ನಿಂತ.

"ಅಕ್ಕಾರ, ನೀವ ಹಿಂಗಂದ್ರ ಹೆಂಗ?" ಸುಭಾಷನ ದನಿ ಒಡೆಯಿತು. "ಆಕಿ ಮೆರದಾಟ ನಿಂದ್ರಬೇಕು ಅಂತ ದಿನಾ ಅಂದವರು ನೀವಲ್ಲೇನು?"

ಶಾಹೀನ್ ತಲೆಯೆತ್ತಿ ನೋಡಿದಳು. ಪುಷ್ಪಾವತಿಯ ಮುಖ ಕೆಂಪಾಯಿತು.

"ಅಂದೇನಿ. ನನಗೂ ಹೊಟ್ಟಿ ಉರೀತೈತಿ, ಇವತ್ತೂ ಉರೀತೈತಿ. ಆದ್ರ ನಾ ಕುಂತಲ್ಲೇ ಉರಕೊಂಡೆ. ನೀ ಸೀಲ್ ಒಡದಿ."

ತಪಾಸಣೆಯವರ ಕಾರು ಗೇಟಿನಲ್ಲಿ ನಿಂತ ಸದ್ದಾಯಿತು. ಶಾಹೀನ್ ಕಣ್ಣೊರೆಸಿಕೊಂಡು ಎದ್ದವಳು ಬಾಗಿಲಲ್ಲಿ ತಡೆದು ನಿಂತಳು. ಹಿಂದಿರುಗಿ ಬಂದು, ಮೇಜಿನ ಮೇಲಿದ್ದ ಮೆಣಸಿನಕಾಯಿ ಎತ್ತಿಕೊಂಡು ಹೊರಟಳು.

ಪುಷ್ಪಾವತಿ ತನ್ನ ಮೇಜಿಗೆ ಬಂದು ಡ್ರಾಕ್ಕೆ ಬೀಗ ಹಾಕಿದಳು. ಆಮೇಲೆ ಕ್ಯಾಲೆಂಡರಿನ ಹಾಳೆ ತಿರುವಿದಳು. ಆ ನಗುಮುಖ ಎದುರಿಗೆ ಬಂತು. ಹೊಟ್ಟೆ ಚುರ್ರೆಂದಿತು. ಆದರೂ ಹಾಳೆಯನ್ನು ಹಾಗೆಯೇ ಬಿಟ್ಟಳು.